ಧಾನ್ಯವರ್ಜಿತ ಭೋಜನಕ್ರಮದ ಪೂರ್ವೇತಿಹಾಸ

ಅಕ್ಕಿ, ಗೋದಿ, ಜೋಳ, ರಾಗಿ ಮೊದಲಾದ ಧಾನ್ಯಗಳನ್ನೂ ಸಕ್ಕರೆಯನ್ನೂ ವರ್ಜಿಸಿ, ಮಾಂಸ, ಮತ್ಸ್ಯ, ಮೊಟ್ಟೆ, ಸೊಪ್ಪು, ಕಾಯಿ, ಬೀಜಗಳಿಂದಲೇ ದಿನದಿನದ ಊಟವನ್ನು ಗೊತ್ತುಮಾಡಿಕೊಳ್ಳುವ ಪದ್ಧತಿಯೊಂದು ಈಚಿನ ಕಾಲದಲ್ಲಿ ಲೋಕದ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿರುತ್ತದೆ. ಅದಕ್ಕೆ ‘ಶಿಲಾಯುಗದ ಆಹಾರ’ವೆಂಬ ಹೆಸರು ರೂಢವಾಗಿದೆ. ಮನುಷ್ಯನು ಉಳಲು ಬಿತ್ತಲು ಕಲಿಯುವುದಕ್ಕೆ ಮುಂಚೆ ಲಕ್ಷಾಂತರ ವರ್ಷಗಳ ಕಾಲ ಹೀಗೆಯೇ ಉಂಡು ಬದುಕಿದ್ದನು, ಧಾನ್ಯವು ನಿನ್ನೆ ಮೊನ್ನೆ ಬಂದ ಅತಿಥಿ, ದೇಹವು ಅದಕ್ಕೆ ಇನ್ನೂ ಹೊಂದಿಕೊಂಡಿಲ್ಲ, ಎಂಬುದು ಇದನ್ನು ಅನುಸರಿಸುವವರ ವಾದ. ಈ ವಂಶಾವಳಿಯು ಎಷ್ಟರಮಟ್ಟಿಗೆ ದಿಟವೆಂಬುದು ವಿಚಾರಾರ್ಹವಾದ ಪ್ರಶ್ನೆ. ಲಿಖಿತವಾದ ಸಾಕ್ಷ್ಯಗಳನ್ನು ಹಿಡಿದು ಹಿಂದಕ್ಕೆ ಹೋದರೆ ದಾರಿಯು ಶಿಲಾಯುಗದ ಗುಹೆಗೆ ಹೋಗಿ ಮುಟ್ಟುವುದಿಲ್ಲ. ಲಂಡನ್ ನಗರದ ಒಬ್ಬ ಶವಸಂಸ್ಕಾರದ ಗುತ್ತಿಗೆದಾರನ ಮನೆಯ ಬಾಗಿಲಿಗೂ, ಅಲ್ಲಿಂದಾಚೆಗೆ ಮಧುಮೇಹಿಗಳ ಹಾಸಿಗೆಯ ಬಳಿಗೂ ಹೋಗಿ ನಿಲ್ಲುತ್ತದೆ.

ವಿಲಿಯಂ ಬ್ಯಾಂಟಿಂಗನು ೧೭೯೬ರಲ್ಲಿ ಹುಟ್ಟಿದವನು. ಇಂಗ್ಲೆಂಡಿನ ರಾಜಮನೆತನದವರ ಅಂತ್ಯಕ್ರಿಯೆಗಳನ್ನು ನಡೆಸಿಕೊಡುವುದು ಆತನ ಮನೆತನದ ಕಸುಬಾಗಿದ್ದಿತು. ಕಸುಬಿನಿಂದ ನಿವೃತ್ತನಾದ ಮೇಲೆ, ತನ್ನ ಅರುವತ್ತಾರನೆಯ ವಯಸ್ಸಿನಲ್ಲಿ, ಆತನ ಎತ್ತರವು ೫ ಅಡಿ ೫ ಅಂಗುಲ, ತೂಕವು ೨೦೨ ಪೌಂಡು. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳುವುದು ಆತನಿಂದ ಆಗುತ್ತಿರಲಿಲ್ಲ; ಮೆಟ್ಟಿಲಿಳಿಯಬೇಕಾದರೆ ಮೊಣಕಾಲಿನ ಮೇಲೆ ಭಾರ ಬೀಳದಂತೆ ಹಿಮ್ಮುಖನಾಗಿ ಇಳಿಯುತ್ತಿದ್ದನು. ವೈದ್ಯರು ಹೇಳಿದ ಉಪಾಯಗಳೆಲ್ಲವನ್ನೂ ಮಾಡಿ ನೋಡಿದ್ದಾಯಿತು. ಬೆಳಗ್ಗೆ ಎದ್ದು ದೋಣಿಗೆ ಹುಟ್ಟುಹಾಕಿದನು. ತೋಳಿಗೆ ಬಲ ಬಂದಿತು, ಹಸಿವು ಹೆಚ್ಚಿತು, ಹಸಿವಿನೊಡನೆ ಮೈಯೂ ಹೆಚ್ಚಿತು. ಸಮುದ್ರಸ್ನಾನ, ತುರ್ಕಿಯ ಉಗಿಸ್ನಾನ, ಕುದುರೆ ಸವಾರಿ, ಖನಿಜೋದಕಗಳ ಸೇವನೆ ಯಾವುದೂ ಫಲಿಸಲಿಲ್ಲ. ಕಡೆಗೆ ೧೮೬೨ರಲ್ಲಿ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವಿಯೆಂಬ ಕರ್ಣವೈದ್ಯನ ಬಳಿಗೆ ಹೋದನು. (ರಕ್ತಪರಿಚಲನೆಯನ್ನು ಕಂಡುಹಿಡಿದ ಹದಿನೇಳನೆಯ ಶತಮಾನದ ಹಾರ್ವಿಯು ಬೇರೆ, ಹೆಸರು ಮಾತ್ರ ಒಂದೇ.) ಕಿವಿಯ ಕೇಡಿಗೆ ಕಾರಣವು ಮೇದಸ್ಸೇ ಎಂದು ತೀರ್ಮಾನಿಸಿದ ಆ ವೈದ್ಯನು ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗೆಡ್ಡೆ ಇವುಗಳನ್ನು ಕೂಡಿದಮಟ್ಟಿಗೂ ಬಿಡಬೇಕೆಂದು ವಿಧಿಸಿದನು. ಅದುವರೆಗೆ ಬ್ಯಾಂಟಿಂಗನ ಊಟದ ಮುಖ್ಯಾಂಗಗಳು ಇವೇ ಆಗಿದ್ದುವು.

ಹೊಸ ಪಥ್ಯದ ವಿವರವನ್ನು ಬ್ಯಾಂಟಿಂಗನು ಬರೆದಿಟ್ಟಿರುವ ರೀತಿ ಗಮನಿಸತಕ್ಕದ್ದು; ದಿನದ ಊಟಗಳನ್ನು ಹೊತ್ತುಹೊತ್ತಿಗೆ ತೂಕಹಾಕಿ ಗೊತ್ತುಮಾಡುವ ಜನಪ್ರಿಯ ಬರವಣಿಗೆಯ ಆದಿಮಾದರಿಯು ಇದೇ ಎನ್ನಬಹುದು. ಬೆಳಗಿನ ಉಪಾಹಾರಕ್ಕೆ ನಾಲ್ಕೈದು ಔನ್ಸು ಗೋಮಾಂಸ, ಕುರಿಮಾಂಸ ಅಥವಾ ಸುಟ್ಟ ಮೀನು, ಹಾಲು ಸಕ್ಕರೆಗಳಿಲ್ಲದ ಒಂದು ದೊಡ್ಡ ಬಟ್ಟಲು ಚಹ, ಒಂದು ಔನ್ಸು ಒಣರೊಟ್ಟಿ. ಮಧ್ಯಾಹ್ನ ಐದಾರು ಔನ್ಸು ಮೀನು ಅಥವಾ ಮಾಂಸ, ಆಲೂಗೆಡ್ಡೆಯ ಹೊರತು ಯಾವ ತರಕಾರಿಯಾದರೂ ಸರಿ, ಮತ್ತೆ ಒಂದು ಔನ್ಸು ಒಣರೊಟ್ಟಿ, ಎರಡು ಮೂರು ಲೋಟ ದ್ರಾಕ್ಷಾಮದ್ಯ. ಸಂಜೆಗೆ ಎರಡು ಮೂರು ಔನ್ಸು ಹಣ್ಣು, ಒಂದೆರಡು ಗಟ್ಟಿರೊಟ್ಟಿ, ಚಹ. ರಾತ್ರಿ ಮೂರು ನಾಲ್ಕು ಔನ್ಸು ಮಾಂಸ ಅಥವಾ ಮೀನು. ಸಾಲ್ಮನ್ ಮೀನೂ ಹಂದಿಯ ಮಾಂಸವೂ ನಿಷಿದ್ಧ. ಮದ್ಯದ ವಿಷಯದಲ್ಲಿ ವೈದ್ಯನ ಔದಾರ್ಯವು ಈಗಿನ ಪಥ್ಯಕಾರರನ್ನು ಬೆರಗುಗೊಳಿಸುವಂತಿದೆ. ಅದಿರಲಿ. ಈ ಪಟ್ಟಿಯಲ್ಲಿ ರೊಟ್ಟಿಯು ಸಂಪೂರ್ಣವಾಗಿ ಹೋಗಿಲ್ಲವೆಂಬುದನ್ನು ಮರೆಯಲಾಗದು. ಧಾನ್ಯವರ್ಜನೆಯ ಮೂಲಪುರುಷನೆಂದು ಹೆಸರಾದವನು ದಿನಕ್ಕೆ ಎರಡು ಸಲ ಒಂದೊಂದು ಔನ್ಸು ರೊಟ್ಟಿಯನ್ನು ತಪ್ಪದೆ ತಿನ್ನುತ್ತಿದ್ದನು.

೧೮೬೩ರ ಮೇ ತಿಂಗಳಿನಲ್ಲಿ ಬ್ಯಾಂಟಿಂಗನು ತನ್ನ ಅನುಭವವನ್ನು ಸಾರ್ವಜನಿಕರಿಗೆ ಬರೆದ ಪತ್ರದ ರೂಪದಲ್ಲಿ ಒಂದು ಚಿಕ್ಕ ಪುಸ್ತಿಕೆಯಾಗಿ ಅಚ್ಚುಹಾಕಿಸಿ ಧರ್ಮಾರ್ಥವಾಗಿ ಹಂಚಿದನು. ಬೇಡಿಕೆಯು ಹೆಚ್ಚಲಾಗಿ ಮುಂದಿನ ಮುದ್ರಣವು ೧೮೬೪ರಲ್ಲಿ ಒಂದು ಷಿಲಿಂಗಿಗೆ ಮಾರಾಟವಾಯಿತು. ಬಂದ ಲಾಭವನ್ನು ಆತನು ದಾನಧರ್ಮಗಳಿಗೆ ಕೊಟ್ಟನು. ಒಂದು ವರ್ಷದಲ್ಲಿ ಆತನ ತೂಕವು ೪೬ ಪೌಂಡಿನಷ್ಟು ಇಳಿದು ೧೫೬ಕ್ಕೆ ಬಂದಿತೆಂಬ ಲೆಕ್ಕವು ಎಲ್ಲ ಗ್ರಂಥಗಳಲ್ಲಿಯೂ ಕಾಣುತ್ತದೆ. ಆದರೆ ಇದು ೧೮೬೩ರ ಸೆಪ್ಟೆಂಬರಿನ ತೂಕವಾದುದರಿಂದ ಮೇ ತಿಂಗಳ ಮೊದಲನೆಯ ಮುದ್ರಣದಲ್ಲಿ ಇದ್ದಿರಲಾರದು; ಈ ಸಂಖ್ಯೆಯನ್ನು ಮೊದಲ ಪಾಠಕ್ಕೆ ಆರೋಪಿಸುವ ಲೇಖಕರು ಪಾಠಾಂತರಗಳನ್ನು ನೋಡದವರೆಂದೇ ಎಣಿಸಬೇಕಾಗುತ್ತದೆ.

ಭಾಷಾಶಾಸ್ತ್ರದ ಅಭ್ಯಾಸಿಗಳಿಗೆ ಇಲ್ಲೊಂದು ಸ್ವಾರಸ್ಯವುಂಟು. ಆತನ ಹೆಸರಿನ ಕೊನೆಯ ‘ಇಂಗ್’ ಎಂಬುದನ್ನು ಇಂಗ್ಲಿಷ್ ಜನರು ಕೃತ್ಪ್ರತ್ಯಯವೆಂದು ಬಗೆದು, ಅದನ್ನು ಕಳೆದು, ‘ಬ್ಯಾಂಟ್’ ಎಂಬ ಹೊಸ ಧಾತುವನ್ನೇ ಸೃಷ್ಟಿಸಿಕೊಂಡರು. ಇಂಗ್ಲಿಷಿನಲ್ಲಿ ಆ ಧಾತುವು ಕ್ರಮೇಣ ಮರೆಯಾಯಿತು. ಸ್ವೀಡನ್ ದೇಶದ ಭಾಷೆಯಲ್ಲಿಯಾದರೋ ‘ಬಾಂಟ’ ಎಂಬ ಕ್ರಿಯಾಪದವು ಮೈಯಿಳಿಸಲು ಪಥ್ಯಮಾಡುವುದೆಂಬರ್ಥದಲ್ಲಿ ಇಂದಿಗೂ ಮನೆಮಾತಾಗಿದೆ. ಅಂಕಿತನಾಮವು ಧಾತುವಾಗಿ, ಆ ಧಾತುವು ಪರದೇಶದಲ್ಲಿ ನೆಲಸಿ, ಹುಟ್ಟಿದೂರಿನಲ್ಲಿ ಅಳಿದುದಕ್ಕೆ ಇಂತಹ ನಿದರ್ಶನಗಳು ಹೆಚ್ಚಾಗಿ ದೊರೆಯವು.

ಹಾರ್ವಿಗೆ ಈ ವಿಚಾರವು ಎಲ್ಲಿಂದ ಹೊಳೆಯಿತು? ಆತನು ೧೮೫೬ರಲ್ಲಿ ಪ್ಯಾರಿಸಿಗೆ ಹೋಗಿದ್ದಾಗ ಕ್ಲೋಡ್ ಬರ್ನಾರನ ಸಿದ್ಧಾಂತಗಳ ಚರ್ಚೆಯನ್ನು ಕೇಳಿದ್ದನು. ಪಿತ್ತಜನಕಾಂಗವು ಪಿತ್ತವನ್ನು ಮಾತ್ರವಲ್ಲದೆ ಸಕ್ಕರೆಯನ್ನೂ ಉತ್ಪಾದಿಸುತ್ತದೆಂದು ಬರ್ನಾರನು ಪ್ರಯೋಗಗಳಿಂದ ತೋರಿಸಿದ್ದನು. ಮಧುಮೇಹಿಗಳಿಗೆ ಸಕ್ಕರೆ, ಪಿಷ್ಟಗಳಿಲ್ಲದ ಪಥ್ಯವು ಹಿತವೆಂಬುದು ಆ ವೇಳೆಗೆ ತಿಳಿದಿದ್ದಿತು. ಅದೇ ಪಥ್ಯವು ಸ್ಥೂಲಕಾಯರಿಗೂ ಏಕೆ ಸಲ್ಲಬಾರದೆಂಬುದು ಹಾರ್ವಿಯ ತರ್ಕ. ಇದಕ್ಕೆ ಮುಂಚೆಯೇ, ೧೮೨೫ರ ಡಿಸೆಂಬರಿನಲ್ಲಿ, ಬ್ರಿಯಾ ಸಾವರಾನ್ ಎಂಬ ಫ್ರೆಂಚ್ ನ್ಯಾಯಾಧೀಶನು ರಸನೇಂದ್ರಿಯವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಹಿಟ್ಟು ಮತ್ತು ಪಿಷ್ಟಗಳೇ ಸ್ಥೌಲ್ಯಕ್ಕೆ ಪ್ರಧಾನ ಕಾರಣವೆಂದು ಹೇಳಿದ್ದನು. ಆತನದು ರಸಿಕನ ಅವಲೋಕನವೇ ಹೊರತು ವೈದ್ಯನ ಪ್ರಯೋಗವಲ್ಲ.

ಪ್ರಯೋಗವು ಅದಕ್ಕಿಂತಲೂ ಹಳೆಯದು. ಮಧುಮೇಹಿಯ ಮೂತ್ರದ ಮಾಧುರ್ಯಕ್ಕೆ ಸಕ್ಕರೆಯೇ ಕಾರಣವೆಂದು ಮ್ಯಾಥ್ಯೂ ಡಾಬ್ಸನನು ೧೭೭೬ರಲ್ಲಿ ಸಿದ್ಧಪಡಿಸಿದ ಮೇಲೆ, ಇಂಗ್ಲೆಂಡಿನ ತೋಪುದಳದ ವೈದ್ಯನಾದ ಜಾನ್ ರೋಲೋ ಎಂಬುವನು ೧೭೯೬ರಲ್ಲಿ ಕ್ಯಾಪ್ಟನ್ ಮೆರೆಡಿತ್ ಎಂಬ ಸೈನ್ಯಾಧಿಕಾರಿಗೆ ಮಾಂಸಪ್ರಧಾನವಾದ ಪಥ್ಯವನ್ನು ಏರ್ಪಡಿಸಿದನು. ರೋಗ ಬರುವುದಕ್ಕೆ ಮುಂಚೆ ೨೩೨ ಪೌಂಡು ತೂಗುತ್ತಿದ್ದ ಆ ಅಧಿಕಾರಿಯು ರೋಗದಿಂದ ೧೬೨ ಪೌಂಡಿಗೆ ಇಳಿದಿದ್ದನು. ರೋಲೋವಿನ ಭೋಜನಪತ್ರವು ಓದುವುದಕ್ಕೇ ಕಷ್ಟವಾದುದು: ಹಾಲಿಗೆ ಸುಣ್ಣದ ತಿಳಿನೀರು ಬೆರೆಸಿದ ಪಾನ, ರಕ್ತ ಮತ್ತು ಕೊಬ್ಬಿನಿಂದ ಮಾಡಿದ ಕಡುಬು, ಬಹುದಿನ ಇಟ್ಟ ಮಾಂಸ, ಕಮಟುಗಟ್ಟಿದ ಹಂದಿಯ ಕೊಬ್ಬು. ಇದರಲ್ಲಿಯೂ ಸ್ವಲ್ಪ ರೊಟ್ಟಿಯುಂಟು. ಮೂತ್ರದ ಸಕ್ಕರೆಯು ಇಳಿಯಿತು. ೧೭೯೭ರಲ್ಲಿ ರೋಲೋ ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಪಥ್ಯವು ಕೆಲಸಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಬಹುಕಾಲ ಸಹಿಸಬಲ್ಲ ರೋಗಿ ಯಾರೆಂಬುದೇ ಪ್ರಶ್ನೆಯಾಯಿತು. ೧೮೭೦-೭೧ರಲ್ಲಿ ಪ್ಯಾರಿಸ್ ನಗರವು ಮುತ್ತಿಗೆಗೆ ಒಳಗಾಗಿ ಆಹಾರವು ದುರ್ಲಭವಾದಾಗ, ತನ್ನ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಮಾಯವಾದುದನ್ನು ಕಂಡ ಬುಷಾರ್ದಾ ಎಂಬ ವೈದ್ಯನು ಮಿತಾಹಾರವನ್ನೇ ಔಷಧವೆಂದು ಸಾರಿದನು. ಮುತ್ತಿಗೆಯು ಏರ್ಪಡಿಸಿಕೊಟ್ಟಂಥ ಪ್ರಯೋಗವನ್ನು ಯಾವ ವೈದ್ಯನೂ ಏರ್ಪಡಿಸಲಾರನು.

ಇಲ್ಲಿ ನಮ್ಮ ದೇಶದ ವೈದ್ಯಗ್ರಂಥಗಳತ್ತ ತಿರುಗಿ ನೋಡುವುದು ಅಪ್ರಸ್ತುತವಾಗದು. ಪ್ರಮೇಹಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯು ಬಲ್ಲದು. ಸುಖಾಸನ, ಅತಿನಿದ್ರೆ, ಮೊಸರು, ಹಾಲು, ಗ್ರಾಮ್ಯ ಪ್ರಾಣಿಗಳ ಮಾಂಸ, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳು ಇವು ಅದರಲ್ಲಿ ರೋಗಹೇತುಗಳಾಗಿ ಎಣಿಕೆಗೊಂಡಿವೆ. ಈ ಪಟ್ಟಿಯನ್ನು ಬ್ಯಾಂಟಿಂಗನ ಹಿಂದಿನ ದಿನಚರಿಯ ಪಕ್ಕದಲ್ಲಿಟ್ಟರೆ ಸಾಮ್ಯವು ಎದ್ದುಕಾಣುತ್ತದೆ. ಆದರೆ ಚಿಕಿತ್ಸೆಯಲ್ಲಿ ಎರಡು ದಾರಿಗಳು ಬೇರೆಯಾಗುತ್ತವೆ. ಆಯುರ್ವೇದವು ಧಾನ್ಯವನ್ನು ಬಿಡಿಸಲಿಲ್ಲ, ಬದಲಾಯಿಸಿತು: ಹೊಸ ಅಕ್ಕಿಯ ಸ್ಥಾನದಲ್ಲಿ ಯವ, ಗ್ರಾಮ್ಯ ಮಾಂಸದ ಸ್ಥಾನದಲ್ಲಿ ಜಾಂಗಲ ಮಾಂಸ. ಸುಶ್ರುತನಂತೂ ರೋಗಿಗೆ ವಿಧಿಸುವ ಚಿಕಿತ್ಸೆಯು ವಿಲಕ್ಷಣವಾದುದು. ಕೊಡೆ, ಕೆರಗಳಿಲ್ಲದೆ ಭಿಕ್ಷಾಟನೆ ಮಾಡುತ್ತ ನೂರು ಯೋಜನ ನಡೆಯಬೇಕು, ಅಥವಾ ಮುನಿವೃತ್ತಿಯಿಂದ ಶ್ಯಾಮಾಕ, ನೀವಾರ, ನೆಲ್ಲಿ, ಬೇಲ ಮೊದಲಾದುವನ್ನು ತಿಂದು ಮೃಗಗಳೊಡನೆ ಕಾಡಿನಲ್ಲಿರಬೇಕು. ಆದಿಮಾನವನ ಬಾಳಿಗೆ ಮರಳಿಹೋಗೆಂಬ ಉಪದೇಶದ ಛಾಯೆ ಇದರಲ್ಲಿದ್ದರೂ, ಆ ಕಾಡಿನ ಊಟದಲ್ಲಿಯೂ ಶ್ಯಾಮಾಕ, ನೀವಾರಗಳೆಂಬ ಹುಲ್ಲುಧಾನ್ಯಗಳು ಇದ್ದೇ ಇವೆ.

ಕನ್ನಡಿಗರಲ್ಲಿಯೂ ಹೀಗೆಯೇ. ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ವ್ರೀಹಿಗೂ ನರೆದಲೆಗಕ್ಕೂ ಜಗಳ ಹತ್ತುವುದು ಯಾವ ಧಾನ್ಯವು ಶ್ರೇಷ್ಠವೆಂಬ ವಿಷಯದಲ್ಲಿ, ಧಾನ್ಯವೇ ಬೇಡವೆನ್ನುವ ಪಕ್ಷವು ಆ ಸಭೆಯಲ್ಲಿಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಹಿಟ್ಟಿನ ಪಾಕಗಳಿಂದಲೇ ತೊಡಗುತ್ತದೆ. ಧಾನ್ಯವಿಲ್ಲದ ಅಡಿಗೆಯನ್ನು ಕನ್ನಡನಾಡಿನ ಗೃಹಿಣಿಯರು ಕಲಿತುದು ಏಕಾದಶಿಯ ಫಲಾಹಾರದಲ್ಲಿ. ಅಲ್ಲಿ ಅನ್ನವು ನಿಷಿದ್ಧ. ಹಣ್ಣು, ಹಾಲು, ಗೆಡ್ಡೆಗೆಣಸುಗಳು ಗ್ರಾಹ್ಯ. ಈಚೆಗೆ ಆಲೂಗೆಡ್ಡೆಯೂ ಸಾಬೂದಾನಿಯೂ ಆ ಪಂಕ್ತಿಗೆ ಸೇರಿಕೊಂಡಿರುವುದರಿಂದ ವ್ರತದ ದಿನ ಪಿಷ್ಟವು ನಿತ್ಯಕ್ಕಿಂತ ಹೆಚ್ಚಾಗಿ ಹೊಟ್ಟೆಗೆ ಹೋಗುವ ಮನೆಗಳೂ ಉಂಟು. ಧಾನ್ಯವರ್ಜನೆ ಬೇರೆ, ಪಿಷ್ಟವರ್ಜನೆ ಬೇರೆ ಎಂಬುದಕ್ಕೆ ಇದಕ್ಕಿಂತ ಸಮೀಪದ ದೃಷ್ಟಾಂತವು ಬೇಕಾಗಿಲ್ಲ.

ಮತ್ತೆ ಪಾಶ್ಚಾತ್ಯ ವೈದ್ಯಕ್ಕೆ ಬಂದರೆ, ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಈ ಪಥ್ಯವು ಕಠೋರತೆಯ ಪರಾಕಾಷ್ಠೆಯನ್ನು ಮುಟ್ಟಿತು. ಅಮೆರಿಕದ ಫ್ರೆಡರಿಕ್ ಆಲೆನನು ಮಧುಮೇಹಿಗಳನ್ನು ಮೊದಲು ಉಪವಾಸದಲ್ಲಿಟ್ಟು, ಬಳಿಕ ಗ್ರಾಂ ಲೆಕ್ಕದಲ್ಲಿ ತೂಗಿದ ಆಹಾರವನ್ನು ಕೊಡುತ್ತಿದ್ದನು. ಪಿಷ್ಟವನ್ನು ತೆಗೆಯುವುದಕ್ಕಾಗಿ ತರಕಾರಿಗಳನ್ನು ಮೂರು ಸಲ ಬೇಯಿಸಿ ಮೂರು ಸಲ ನೀರು ಬಸಿಯುವ ಅಡಿಗೆಯು ಆಗ ಬಳಕೆಗೆ ಬಂದಿತು. ರುಚಿಯೊಡನೆ ಪೋಷಕಾಂಶವೂ ಬಚ್ಚಲಿಗೆ ಹೋಗುತ್ತಿದ್ದುದು ವಿಷಾದಕರ. ಮಕ್ಕಳ ಪಾಲಿಗೆ ಇದು ಮರಣವನ್ನು ಮುಂದಕ್ಕೆ ಹಾಕುವ ಉಪಾಯವೇ ಹೊರತು ಗುಣಪಡಿಸುವ ಉಪಾಯವಾಗಿರಲಿಲ್ಲ. ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಚಾರಲ್ಸ್ ಇವಾನ್ಸ್ ಹ್ಯೂಸನ ಮಗಳು ಎಲಿಜಬೆತ್ ೧೯೧೯ರಿಂದ ಈ ಪಥ್ಯದಲ್ಲಿದ್ದಳು. ೧೯೨೨ರ ಆಗಸ್ಟಿನಲ್ಲಿ, ಹದಿನೈದು ತುಂಬುವುದರೊಳಗೆ, ಆಕೆಯ ತೂಕವು ೪೫ ಪೌಂಡಿನಷ್ಟಾಗಿದ್ದಿತು. ಆಗ ಆಕೆಯನ್ನು ಕೆನಡದ ಟೊರಾಂಟೋ ನಗರಕ್ಕೆ ಕರೆದೊಯ್ದರು. ಇನ್ಸುಲಿನನ್ನು ಮನುಷ್ಯನಿಗೆ ಕೊಟ್ಟು ಆಗ ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಅಲ್ಲಿ ಆಕೆಗೆ ಆ ಔಷಧವನ್ನು ಕೊಟ್ಟ ವೈದ್ಯನ ಹೆಸರೂ ಬ್ಯಾಂಟಿಂಗನೇ, ಫ್ರೆಡರಿಕ್ ಬ್ಯಾಂಟಿಂಗ್. ೧೮೬೩ರ ಬ್ಯಾಂಟಿಂಗನು ಊಟದ ತಟ್ಟೆಯಿಂದ ರೊಟ್ಟಿಯನ್ನು ತೆಗೆಸಿದನು. ೧೯೨೨ರ ಬ್ಯಾಂಟಿಂಗನು ಆ ಬಾಲಿಕೆಯ ತಟ್ಟೆಗೆ ರೊಟ್ಟಿಯನ್ನು ಮರಳಿ ತಂದನು. ಎಲಿಜಬೆತ್ ೧೯೮೧ರವರೆಗೆ ಬದುಕಿದ್ದಳು. ಪಿಷ್ಟರಹಿತವಾದ ಊಟವನ್ನು ಸರ್ವರೋಗನಿವಾರಕವೆಂದು ಹೊಗಳುವವರು ಈ ೪೫ ಪೌಂಡಿನ ಲೆಕ್ಕವನ್ನು ತಮ್ಮ ಪುಸ್ತಕಗಳಲ್ಲಿ ಸೇರಿಸುವುದು ವಿರಳ. ಹಾಗೆಯೇ, ೧೯೨೧ರಲ್ಲಿ ರಸೆಲ್ ವೈಲ್ಡರನು ಅಪಸ್ಮಾರಕ್ಕಾಗಿ ಸೂಚಿಸಿದ ಮೇದಃಪ್ರಧಾನ ಪಥ್ಯವು ಔಷಧಕ್ಕೆ ಬಗ್ಗದ ಮಕ್ಕಳ ರೋಗದಲ್ಲಿ ಇಂದಿಗೂ ಉಪಯೋಗದಲ್ಲಿದೆಯೆಂಬುದನ್ನು ಅದನ್ನು ಹಳಿಯುವವರು ಹೇಳುವುದಿಲ್ಲ.

ಇದುವರೆಗಿನ ಕಥೆಯಲ್ಲಿ ಆದಿಮಾನವನ ಸುಳಿವೇ ಇಲ್ಲ. ಆತನ ಕಡೆಗೆ ಮೊದಲು ಕೈತೋರಿದವರಲ್ಲಿ ಪ್ರಮುಖನು ವಿಲ್ಯಾಲ್ಮುರ್ ಸ್ಟೆಫಾನ್ಸನ್. ಐಸ್‌ಲೆಂಡಿನಿಂದ ವಲಸೆಬಂದ ತಂದೆತಾಯಿಗಳಿಗೆ ಕೆನಡದಲ್ಲಿ ೧೮೭೯ರಲ್ಲಿ ಹುಟ್ಟಿದ ಈತನು ಮಾನವಶಾಸ್ತ್ರವನ್ನು ಓದಿ, ೧೯೦೬ರಿಂದ ಉತ್ತರ ಧ್ರುವಪ್ರದೇಶದ ಇನುಯಿಟ್ ಜನರ ನಡುವೆ ಇದ್ದು, ಅವರಂತೆಯೇ ಮೀನು ಮಾಂಸಗಳಿಂದ ವರ್ಷಗಟ್ಟಲೆ ಬದುಕಿದವನು. ಊರಿಗೆ ಬಂದು ಹೇಳಿದಾಗ ವೈದ್ಯರು ನಂಬಲಿಲ್ಲ. ೧೯೨೮ರಲ್ಲಿ ಸ್ಟೆಫಾನ್ಸನನೂ ಆತನ ಸಂಗಡಿಗ ಕಾರ್ಸ್ಟೆನ್ ಆಂಡರ್ಸನನೂ ನ್ಯೂಯಾರ್ಕಿನ ಬೆಲ್ಲೆವ್ಯೂ ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಈ ಪ್ರಯೋಗಕ್ಕೆ ತಮ್ಮನ್ನು ಒಪ್ಪಿಸಿಕೊಂಡು, ಮೊದಲು ಆಸ್ಪತ್ರೆಯಲ್ಲಿ, ಬಳಿಕ ಹೊರಗೆ, ಒಟ್ಟು ಒಂದು ವರ್ಷ ಮಾಂಸವನ್ನು ಮಾತ್ರವೇ ತಿಂದರು. ಇದರ ವೆಚ್ಚದ ಒಂದು ಭಾಗವನ್ನು ಅಮೆರಿಕದ ಮಾಂಸೋದ್ಯಮಿಗಳ ಸಂಸ್ಥೆಯು ವಹಿಸಿದ್ದಿತು. ಆದರೂ ಪರೀಕ್ಷೆಯನ್ನು ನಡೆಸಿದ ಯೂಜೀನ್ ಡುಬ್ವಾ, ವಾಲ್ಟರ್ ಮೆಕ್ಲೆಲನ್ ಮೊದಲಾದವರು ಎಚ್ಚರಿಕೆಯ ವಿಜ್ಞಾನಿಗಳು. ಅವರ ವರದಿಯು ೧೯೩೦ರಲ್ಲಿ ಪ್ರಕಟವಾಯಿತು.

ಪ್ರಯೋಗದ ಆರಂಭದಲ್ಲಿ ಸ್ಟೆಫಾನ್ಸನನಿಗೆ ಕೊಬ್ಬಿಲ್ಲದ ಬರಿಯ ಮಾಂಸವನ್ನು ಕೊಟ್ಟರು. ಅದು ಒಗ್ಗದೆಂದು ಆತನು ಮೊದಲೇ ಎಚ್ಚರಿಸಿದ್ದನು. ಮೂರನೆಯ ದಿನಕ್ಕೆ ಓಕರಿಕೆ, ಅತಿಸಾರ ತೊಡಗಿದುವು. ಕೊಬ್ಬನ್ನು ಕೂಡಿಸಿದೊಡನೆ ಎರಡು ದಿನಗಳಲ್ಲಿ ಸರಿಹೋಯಿತು. ಮೊಲದಂತಹ ಬಡಮಾಂಸವನ್ನೇ ತಿಂದವರು ಹೊಟ್ಟೆ ತುಂಬ ತಿಂದೂ ಹಸಿವಿನಿಂದ ಸಾಯುವರೆಂದು ಉತ್ತರದೇಶದ ಬೇಟೆಗಾರರು ಹೇಳುತ್ತಿದ್ದ ಮಾತಿಗೆ ಇದು ಪ್ರಮಾಣವಾಯಿತು. ಬಳಿಕ ಇಬ್ಬರೂ ದಿನಕ್ಕೆ ಸರಾಸರಿ ನೂರರಿಂದ ನೂರನಾಲ್ವತ್ತು ಗ್ರಾಂ ಪ್ರೋಟೀನು, ಇನ್ನೂರರಿಂದ ಮುನ್ನೂರು ಗ್ರಾಂ ಮೇದಸ್ಸು, ಹತ್ತು ಗ್ರಾಮಿನ ಆಸುಪಾಸಿನ ಪಿಷ್ಟ ಇಷ್ಟರಿಂದ ವರ್ಷವನ್ನು ಕಳೆದರು. ರಕ್ತಪಿತ್ತ ವ್ಯಾಧಿಯು ತಲೆದೋರಲಿಲ್ಲ. ಹೊಸ ಮಾಂಸವನ್ನು ಅತಿಯಾಗಿ ಬೇಯಿಸದಿದ್ದರೆ ಅದರಲ್ಲಿ ಆ ವ್ಯಾಧಿಯನ್ನು ತಡೆಯುವಷ್ಟು ‘ಸಿ’ ಜೀವಸತ್ವವು ಉಳಿಯುತ್ತದೆ. ಇದು ಮಾಂಸದ ಊಟವು ‘ಮಾಂಸ’ದ ಊಟವಲ್ಲ, ಮೇದಸ್ಸಿನ ಊಟವೆಂಬುದನ್ನು ತೋರಿಸಿತು.

ಇಬ್ಬರ ಅನುಭವವು ಎಲ್ಲರಿಗೂ ಪ್ರಮಾಣವಾಗಲಾರದು. ಇನುಯಿಟ್ ಜನರ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಅಂತಹ ಊಟದಿಂದ ಇತರರ ದೇಹದಲ್ಲಿ ಹುಟ್ಟುವ ಕೀಟೋನುಗಳು ಅವರಲ್ಲಿ ಅತ್ಯಲ್ಪವೆಂದು ೧೯೨೮ರಲ್ಲಿಯೇ ಹೈನ್‌ಬೆಕರನು ಕಂಡನು. ೨೦೧೪ ಮತ್ತು ೨೦೧೫ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನಗಳು ಮೇದಸ್ಸನ್ನು ಪಚನಮಾಡುವ ಅವರ ಶಾರೀರಿಕ ವ್ಯವಸ್ಥೆಯಲ್ಲಿ ವಿಶೇಷ ಮಾರ್ಪಾಟುಗಳಿರುವುದನ್ನು ತೋರಿಸಿವೆ. ಧ್ರುವವಾಸಿಯು ಆದಿಮಾನವನ ಪಡಿಯಚ್ಚಲ್ಲ; ತನ್ನ ಹಿಮದ ನಾಡಿಗೆ ಹೊಂದಿಕೊಂಡವನು.

‘ಶಿಲಾಯುಗದ ಆಹಾರ’ವೆಂಬ ಹೆಸರು ೧೯೭೫ರಲ್ಲಿ ವಾಲ್ಟರ್ ವೋಗ್ಟ್‌ಲಿನನ ಪುಸ್ತಕದಿಂದ ಪ್ರಚಾರಕ್ಕೆ ಬಂದಿತು. ಅದಕ್ಕೆ ವಿದ್ವತ್ಸಮ್ಮತಿಯನ್ನು ತಂದುಕೊಟ್ಟದ್ದು ಈಟನ್ ಮತ್ತು ಕಾನರ್ ಎಂಬುವರು ೧೯೮೫ರಲ್ಲಿ ಬರೆದ ಲೇಖನ. ಲೋರೆನ್ ಕಾರ್ಡೇನನ ೨೦೦೨ರ ಪುಸ್ತಕವು ಅದನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಆ ೧೯೮೫ರ ಲೇಖನವನ್ನು ಅದರ ಅಭಿಮಾನಿಗಳು ಎಷ್ಟುಮಂದಿ ಓದಿರುವರೋ ಸಂದೇಹ. ಹಳೆಯ ಶಿಲಾಯುಗದವನಿಗೆ ಆಹಾರದ ಶಕ್ತಿಯಲ್ಲಿ ನೂರಕ್ಕೆ ೪೫ರಷ್ಟು ಪಿಷ್ಟಶರ್ಕರಗಳಿಂದಲೇ ದೊರೆಯುತ್ತಿದ್ದಿತೆಂದು ಅವರು ಊಹಿಸಿದ್ದರು. ಅವರು ಆತನಿಗೆ ಇಲ್ಲವೆಂದುದು ಬೆಳೆದ ಧಾನ್ಯವನ್ನು ಮಾತ್ರ, ಹಣ್ಣು ಗೆಡ್ಡೆಗಳನ್ನಲ್ಲ. ಬ್ಯಾಂಟಿಂಗನ ವೈದ್ಯಪಥ್ಯವೂ ಇವರ ಮಾನವಶಾಸ್ತ್ರವೂ ಬೇರೆ ಬೇರೆ ಹೊಳೆಗಳು; ಜನಪ್ರಿಯ ಗ್ರಂಥಗಳಲ್ಲಿ ಅವು ಸೇರಿ, ಒಂದರ ಕೀರ್ತಿಯು ಇನ್ನೊಂದಕ್ಕೆ ಸಂದಿತು.

ಭೂಮಿಯಿಂದ ಅಗೆದು ತೆಗೆದ ಸಾಕ್ಷ್ಯವು ಇನ್ನಷ್ಟು ತೊಡಕಾಗಿದೆ. ಬ್ಯಾಂಟಿಂಗನ ಪುಸ್ತಿಕೆಯು ಹೊರಬಿದ್ದ ಅದೇ ೧೮೬೩ರ ಮೇ ತಿಂಗಳ ೩೦ರಂದು, ಮದರಾಸಿನ ಬಳಿಯ ಪಲ್ಲಾವರದಲ್ಲಿ, ಭೂಗರ್ಭಶೋಧನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟನಿಗೆ ಭಾರತದ ಹಳೆಯ ಶಿಲಾಯುಗದ ಆಯುಧವು ಮೊದಲು ದೊರೆಯಿತು. ಆ ಯುಗಕ್ಕೆ ಅದರ ಯೂರೋಪಿಯ ಹೆಸರನ್ನು ಲಬ್ಬಕನು ಇಟ್ಟುದು ೧೮೬೫ರಲ್ಲಿ. ಅಂದರೆ ಪಥ್ಯವು ಹುಟ್ಟಿದಾಗ ಅದರ ಈಗಿನ ಹೆಸರಿಗೆ ಆಧಾರವಾದ ಶಬ್ದವೇ ಇನ್ನೂ ಹುಟ್ಟಿರಲಿಲ್ಲ. ಈಚೆಗೆ ಕನ್ನಡನಾಡಿನ ಸುರಪುರ ಸೀಮೆಯ ಇಸಾಂಪುರದಲ್ಲಿ ಪದ್ದಯ್ಯನವರು ಅಗೆಸಿದ ನೆಲೆಯು ಸುಮಾರು ೧೨ ಲಕ್ಷ ವರ್ಷಗಳಷ್ಟು ಹಳೆಯದೆಂದು ಕಾಲನಿರ್ಣಯವಾಗಿದೆ; ಆ ನಿರ್ಣಯಕ್ಕೆ ಒದಗಿದುವು ಅಲ್ಲಿ ಸಿಕ್ಕಿದ ಪ್ರಾಣಿಗಳ ಹಲ್ಲುಗಳು. ಹಲ್ಲು, ಎಲುಬುಗಳು ಉಳಿಯುತ್ತವೆ. ಅದೇ ಕಾಲದವರು ಅಗೆದು ತಿಂದ ಗೆಡ್ಡೆಯು ಉಳಿಯುವುದಿಲ್ಲ. ಶಿಲಾಯುಗದವನು ಮಾಂಸಾಹಾರಿಯೆಂಬ ಕಲ್ಪನೆಗೆ ಈ ಉಳಿವಿನ ವ್ಯತ್ಯಾಸವೇ ಬಹುಮಟ್ಟಿಗೆ ಕಾರಣವೆಂದು ಹೇಳಬೇಕಾಗಿದೆ. ಸೂಕ್ಷ್ಮದರ್ಶಕದಿಂದ ಪಿಷ್ಟದ ಕಣಗಳನ್ನು ಗುರುತಿಸುವ ವಿದ್ಯೆಯು ಬೆಳೆದಂತೆ ಚಿತ್ರವು ಬದಲಾಯಿತು. ಗಲಿಲೀ ಸರೋವರದ ದಡದ ಓಹಾಲೋ ಎಂಬಲ್ಲಿ ೨೩,೦೦೦ ವರ್ಷಗಳ ಹಿಂದಿನ ಬೀಸುಗಲ್ಲಿನ ಮೇಲೆ ಕಾಡು ಬಾರ್ಲಿಯ ಪಿಷ್ಟವು ಕಂಡಿತು. ಜೋರ್ಡಾನ್ ದೇಶದ ಷುಬೈಕಾದಲ್ಲಿ ೧೪,೪೦೦ ವರ್ಷಗಳ ಹಿಂದೆ ಸುಟ್ಟ ರೊಟ್ಟಿಯ ಚೂರುಗಳು ದೊರೆತುವೆಂದು ೨೦೧೮ರಲ್ಲಿ ಪ್ರಕಟವಾಯಿತು; ಅಲ್ಲಿ ಬೇಸಾಯವು ಹುಟ್ಟಿದುದು ಅದಕ್ಕೆ ಸುಮಾರು ನಾಲ್ಕು ಸಾವಿರ ವರ್ಷಗಳ ಅನಂತರ. ಸ್ಪೀ ಮತ್ತು ಶಾನಿದಾರ್ ಗುಹೆಗಳ ನಿಯಾಂಡರ್ತಾಲ್ ಮಾನವರ ಹಲ್ಲಿನ ಕಿಟ್ಟದಲ್ಲಿಯೂ ಬೆಂದ ಪಿಷ್ಟವು ೨೦೧೧ರಲ್ಲಿ ಪತ್ತೆಯಾಯಿತು. ರೊಟ್ಟಿಯು ನೇಗಿಲಿಗಿಂತ ಹಿರಿಯದು.

ಬಳ್ಳಾರಿಯ ಸೀಮೆಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನರ ಬೂದಿಮಣ್ಣನ್ನು ನೀರಿನಲ್ಲಿ ತೇಲಿಸಿ ತೆಗೆದಾಗ ಸಿಕ್ಕಿದ ಕರಿಕಾಳುಗಳಲ್ಲಿ ಹುರುಳಿ, ಹೆಸರುಗಳೊಡನೆ ಕೊರಲೆಯೂ ಇದ್ದಿತು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಕೊರಲೆಯನ್ನು ತುಮಕೂರು, ಚಿತ್ರದುರ್ಗಗಳ ಒಣನೆಲದ ಕೆಲವು ರೈತರು ಈಗಲೂ ಬಿತ್ತುತ್ತಾರೆ. ಕಲ್ಲಿನ ಕೊಡಲಿಯನ್ನು ಹಿಡಿದ ಕೈಯೇ ಅದನ್ನು ಬೀಸಿತ್ತೆಂಬುದಕ್ಕೆ ಅದೇ ಗುಡ್ಡದ ಬಂಡೆಗಳ ಮೇಲೆ ಉಳಿದಿರುವ, ಬೀಸಿ ಸವೆದ ನುಣುಪಾದ ತಗ್ಗುಗಳು ಸಾಕ್ಷಿಯಾಗಿವೆ.